ಕಚ್ಚಿಕೊಂಡ ಕೂವೆಮರ

ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ, ಪೂರ್ವ ಪಶ್ಚಿಮಗಳ ಎರಡು ಕಡಲುಗಳಿಗೂ ಹೆಚ್ಚುಕಡಿಮೆ ಸಮದೂರದಲ್ಲಿ ಕುಳಿತಿರುವ ಬೆಂಗಳೂರಿಗೂ ಹಾಯಿದೋಣಿಗೂ ಎಲ್ಲಿಯ ನಂಟು ಎಂದು ಕೇಳುವವರು ಉಂಟು. ಅಂಥವರು ಕಲ್ಯಾಣ ನಗರದಿಂದ ಹೊರಟು, ಲಿಂಗರಾಜಪುರದ ಮೇಲುಸೇತುವೆಯನ್ನು ಇಳಿದು, ಕಾಕ್ಸ್ ಟೌನಿನ ಹಳೆಯ ಬೀದಿಗಳಲ್ಲಿ ಸಾಗಿ ಹಲಸೂರು ಕೆರೆಯ ದಂಡೆಗೆ ಬಂದು ನಿಂತರೆ ಸಾಕು, ಪ್ರಶ್ನೆಗೆ ಪ್ರತ್ಯೇಕವಾದ ಉತ್ತರ ಬೇಕಾಗುವುದಿಲ್ಲ. ಸುಮಾರು 50 ಹೆಕ್ಟೇರು ವಿಸ್ತಾರದ ಈ ಕೆರೆಯ ಮೂಲವನ್ನು ಜನ ಕೆಂಪೇಗೌಡರ ಮನೆತನದ ಕಾಲಕ್ಕೆ ಒಯ್ಯುತ್ತಾರೆ. ಅದರ ಮಗ್ಗುಲಲ್ಲಿ ನೆಲೆಸಿರುವ ಮದರಾಸ್ ಎಂಜಿನಿಯರ್ ಗ್ರೂಪ್ ಎಂಬ ಸೇನಾದಳದ ಚರಿತ್ರೆಯಾದರೋ 1780ರಿಂದ ಆರಂಭವಾಗತಕ್ಕದ್ದು, ಅದರ ಕೇಂದ್ರ ಬೆಂಗಳೂರಿಗೆ ಬಂದುದು 1834ರಲ್ಲಿ. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ಸೈನ್ಯವನ್ನು ಹೊಳೆ ದಾಟಿಸುವುದು, ಇವೇ ವೃತ್ತಿಧರ್ಮವಾಗಿರುವ ಸ್ಯಾಪರುಗಳಿಗೆ ನೀರಿನ ಸಹವಾಸ ಅನಿವಾರ್ಯವಾದುದರಿಂದ ಕೆರೆಯ ಮೇಲೆ ಅವರ ದೋಣಿಗಳೂ ದಡದಲ್ಲಿ ಅವರ ಬೋಟ್ ಕ್ಲಬ್ಬೂ ಇರುವುದು ಸಹಜವೇ. ಈ ಸ್ಯಾಪರುಗಳೂ ಸೇರಿರುವ ಭಾರತೀಯ ಸೇನೆಯ ಎಂಜಿನಿಯರುಗಳ ದಳದವರು ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ 1985ರಲ್ಲಿ ಹೊರಟು ಭೂಮಂಡಲವನ್ನೇ ಸುತ್ತಿ 1987ರಲ್ಲಿ ಮರಳಿದರು. ಹಾಯಿನೌಕೆಯಲ್ಲಿ ಅಂಥ ಪ್ರದಕ್ಷಿಣೆಯನ್ನು ಪೂರೈಸಿದ ಭಾರತೀಯರಲ್ಲಿ ಅವರೇ ಮೊದಲಿಗರು.

ಭೂಪ್ರದಕ್ಷಿಣೆಯ ಕಥೆ ದೊಡ್ಡದು. ಇಲ್ಲಿ ಹೇಳಹೊರಟಿರುವ ವಿಷಯ ತೀರ ಚಿಕ್ಕದು. ಒಬ್ಬರೋ ಇಬ್ಬರೋ ಕುಳಿತು ನಡೆಸತಕ್ಕ ಪುಟ್ಟ ಹಾಯಿದೋಣಿಯ ಕೂವೆಮರ, ಎಂದರೆ ಹಾಯಿಯನ್ನು ಹೊತ್ತು ನಿಲ್ಲುವ ಕಂಬ, ಕ್ಲಬ್ಬಿನ ಹುಡುಗರ ಬಾಯಲ್ಲಿ ‘ಮಾಸ್ಟು’, ಬಿಚ್ಚಬೇಕೆಂದಾಗ ಬಿಚ್ಚಲೊಲ್ಲದೆ ಕಚ್ಚಿಕೊಂಡುಬಿಡುವುದು ಹೇಗೆ, ಅದನ್ನು ಮುರಿಯದೆ ಬಿಡಿಸಿಕೊಳ್ಳುವುದು ಹೇಗೆ ಎಂಬುದಿಷ್ಟೇ ಪ್ರಸ್ತುತ. ಸಂಗತಿ ಅಲ್ಪವಾದರೂ ಅದರಲ್ಲಿ ಲೋಹಶಾಸ್ತ್ರ, ರಸಾಯನ, ಯಂತ್ರಶಾಸ್ತ್ರ ಮೂರೂ ಒಂದಾಗಿ ಸೇರಿಕೊಂಡಿವೆ; ಅದಕ್ಕಿಂತ ಮಿಗಿಲಾಗಿ, ಕೂವೆಮರ ಕಚ್ಚಿಕೊಳ್ಳುವುದು ಸಾಮಾನ್ಯವಾಗಿ ನಾವು ಊಹಿಸುವಂತೆ ಗಾಳಿಯ ರಭಸದಲ್ಲಾಗಲಿ ಅಲೆಯ ಹೊಡೆತದಲ್ಲಾಗಲಿ ಅಲ್ಲ, ದೋಣಿ ದಡಕ್ಕೆ ಬಂದು ಯಾರ ಗಮನವೂ ಇಲ್ಲದೆ ಮಲಗಿರುವ ತಿಂಗಳುಗಳಲ್ಲಿ ಎಂಬ ಸತ್ಯವೊಂದು ಅದರ ಹಿಂದೆ ಅಡಗಿದೆ.

ಎರಡು ತುಂಡಿನ ಕಂಬ

ಇಂದು ಲೋಕದ ಬಹುಭಾಗ ಮಕ್ಕಳು ಹಾಯಿ ಹಿಡಿಯಲು ಕಲಿಯುವುದು ಆಪ್ಟಿಮಿಸ್ಟ್ ಎಂಬ ದೋಣಿಯಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ 1947ರಲ್ಲಿ ಮಕ್ಕಳಿಗಾಗಿಯೇ ರಚಿಸಿದ, 2.3 ಮೀಟರು ಉದ್ದದ, ಮುಂತುದಿ ಮೊಂಡಾದ ಪುಟ್ಟ ದೋಣಿ ಅದು. ಮಕ್ಕಳು ಬೆಳೆದು ಆಪ್ಟಿಮಿಸ್ಟಿಗೆ ದೊಡ್ಡವರಾದಾಗ ಏರುವುದು ಬಹುಮಟ್ಟಿಗೆ ಲೇಸರ್ ದೋಣಿಯನ್ನು. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಇದರ ಮೊದಲ ರೇಖಾಚಿತ್ರ ಬರೆದರು, 1971ರಲ್ಲಿ ಅದು ಮಾರುಕಟ್ಟೆಗೆ ಬಂತು, 1996ರಲ್ಲಿ ಒಲಿಂಪಿಕ್ ಕ್ರೀಡೆಗಳಿಗೂ ಪ್ರವೇಶ ಪಡೆಯಿತು. ಈಚೆಗೆ ಅದಕ್ಕೆ ಐಎಲ್‌ಸಿಎ ಎಂಬ ಹೊಸ ಹೆಸರು ಬಂದಿದ್ದರೂ ದಡದ ಮಾತಿನಲ್ಲಿ ಅದು ಇನ್ನೂ ಲೇಸರೇ.

ಕರ್ಬಿಯವರ ಬಳಿ ಕೇಳಿದ್ದುದು ಕಾರಿನ ಮಾಡಿನ ಮೇಲೆ ಕಟ್ಟಿಕೊಂಡು ಹೋಗಬಹುದಾದ ದೋಣಿ. ಆರು ಮೀಟರಿನ ಅಖಂಡ ಕಂಬವನ್ನು ಕಾರಿನ ಮೇಲೆ ಹೊರಿಸಲಾಗದೆಂದೇ ಕೂವೆಮರವನ್ನು ಎರಡು ತುಂಡು ಮಾಡಿದರು. ಕೆಳತುಂಡು ಸುಮಾರು 63 ಮಿಲಿಮೀಟರು ವ್ಯಾಸದ ಅಲ್ಯೂಮಿನಿಯಂ ಕೊಳವೆ. ಮೇಲುತುಂಡು ಸುಮಾರು 51 ಮಿಲಿಮೀಟರಿನದು. ಮೇಲಿನದರ ಬುಡಕ್ಕೆ ಪ್ಲಾಸ್ಟಿಕ್ಕಿನ ಬಿರಡೆಯನ್ನೂ ಅದಕ್ಕೆ ತುಸು ಮೇಲೆ ಪ್ಲಾಸ್ಟಿಕ್ಕಿನ ಪಟ್ಟಿಯನ್ನೂ ರಿವೆಟ್ಟು ಹೊಡೆದು ಕೂರಿಸಿ, ಅದನ್ನು ಕೆಳತುಂಡಿನ ಬಾಯಿಯೊಳಕ್ಕೆ ಇಳಿಸಿದರೆ ಕಂಬ ಸಿದ್ಧ. ಹೀಗೆ ಸಿದ್ಧವಾದ ಕಂಬದ ಬುಡವನ್ನು ದೋಣಿಯ ಮೈಯಲ್ಲಿರುವ ಕುಳಿಯೊಳಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಅದನ್ನು ಆಚೀಚೆ ಬಿಗಿದು ಕಟ್ಟುವ ತಂತಿಹಗ್ಗಗಳಿಲ್ಲ.

ಆದುದರಿಂದ ಕಚ್ಚಿಕೊಳ್ಳುವ ಸ್ಥಾನಗಳು ಎರಡು: ತುಂಡಿಗೆ ತುಂಡು ಸೇರುವ ಕೀಲು ಒಂದು, ಬುಡ ಕೂರುವ ಕುಳಿ ಇನ್ನೊಂದು. ಮೊದಲನೆಯದು ಸಿಕ್ಕಿಕೊಂಡರೆ ಕಂಬವೇನೋ ನಿಲ್ಲುತ್ತದೆ, ಆದರೆ ಬೇರೆ ಊರಿನ ಸ್ಪರ್ಧೆಗೆ ಒಯ್ಯುವಂತಿಲ್ಲ. ಹೊರವರ್ತುಲ ರಸ್ತೆಯ ವಾಹನಸಂದಣಿಯಲ್ಲಿ ಆರು ಮೀಟರಿನ ಕೊಳವೆಯನ್ನು ಕಾರಿನ ಹಿಂದುಮುಂದಕ್ಕೆ ಚಾಚಿಕೊಂಡು ಹೋಗುವ ಸಾಹಸ ಯಾರಿಗೂ ಬೇಡ. ಎರಡನೆಯದು ಸಿಕ್ಕಿಕೊಂಡರೆ ದೋಣಿಯನ್ನು ಕೊಟ್ಟಿಗೆಯೊಳಕ್ಕೆ ಸೇರಿಸುವುದೇ ಅಸಾಧ್ಯ.

ಕಡಲಿನಿಂದ ದೂರ, ಉಪ್ಪಿಗೆ ಹತ್ತಿರ

ಕಚ್ಚಿಕೊಂಡ ಕಂಬವನ್ನು ಕಂಡೊಡನೆ ಇಬ್ಬರು ಬಲಶಾಲಿಗಳು ಎರಡು ತುದಿಗಳನ್ನು ಹಿಡಿದು ಎಳೆಯತೊಡಗುವುದು ಲೋಕರೂಢಿ. ಇದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ, ಆ ಎರಡು ಮೈಗಳ ನಡುವೆ ಈಗ ಏನಿದೆ ಎಂಬುದು. ಏಕೆಂದರೆ ಅಲ್ಲಿರಬೇಕಾದುದು ಕೂದಲೆಳೆಯಷ್ಟು ತೆರಪು. ಆ ತೆರಪನ್ನು ಯಾವುದೋ ಒಂದು ಪದಾರ್ಥ ತುಂಬಿದೆ, ಮತ್ತು ಚಿಕಿತ್ಸೆ ಆ ಪದಾರ್ಥವನ್ನು ಅನುಸರಿಸಿರತಕ್ಕದ್ದು.

ಕೆರೆಯಲ್ಲಿ ಆಡುವ ದೋಣಿಗೆ ಮೊದಲ ವೈರಿ ಹೂಳು. ಪುಟ್ಟ ದೋಣಿ ಗಾಳಿಯ ಹೊಡೆತಕ್ಕೆ ಮಗುಚುವುದು ನಿತ್ಯದ ಮಾತು. ಆದರೆ ನೀರಿನ ಆಳ ಕಂಬದ ಉದ್ದಕ್ಕಿಂತ ಕಡಿಮೆಯಿರುವಲ್ಲಿ ಅದು ಪೂರ್ತಿ ತಲೆಕೆಳಗಾದರೆ ಕೂವೆಮರದ ನೆತ್ತಿ ತಳದ ಕೆಸರಿನಲ್ಲಿ ನಾಟಿಕೊಳ್ಳುತ್ತದೆ. ಆಗ ಗಾಬರಿಯಿಂದ ದೋಣಿಯ ಮೈಮೇಲೆ ಹತ್ತಿ ಕುಣಿದವರು ಕಂಬವನ್ನು ಬಾಗಿಸಿಕೊಂಡು ದಡಕ್ಕೆ ಬರುತ್ತಾರೆ. ಬಲ್ಲವರು ಕಂಬ ಹೋಗಿರುವ ದಿಕ್ಕನ್ನೇ ಅನುಸರಿಸಿ, ದೋಣಿಯನ್ನು ಗಾಳಿಗೆ ನಿಧಾನವಾಗಿ ತಿರುಗಗೊಟ್ಟು, ನಾಟಿದ ದಾರಿಯಲ್ಲೇ ಅದನ್ನು ಹಿಂದಕ್ಕೆ ಜಾರಿಸುತ್ತಾರೆ. ಹೇಗೆ ಬಿಡಿಸಿದರೂ ಹೂಳಿನ ನೀರು ಕೀಲಿನೊಳಕ್ಕೆ ಇಳಿದಿರುತ್ತದೆ. ನೀರು ಆರುತ್ತದೆ, ಮಣ್ಣು ಉಳಿಯುತ್ತದೆ. ಕಂಬವನ್ನು ತಿರುಗಿಸಿದಾಗ ಕರಕರ ಸದ್ದು ಕೇಳಿಸಿದರೆ ಅಪರಾಧಿ ಇವನೇ ಎಂದು ತಿಳಿಯಬಹುದು.

ಎರಡನೆಯ ವೈರಿ ಉಪ್ಪು. ಕಡಲಿಲ್ಲದ ಊರಿನಲ್ಲಿ ಉಪ್ಪೆಲ್ಲಿಂದ ಬಂತು ಎಂದರೆ, ಚೆನ್ನೈ, ಮುಂಬಯಿ, ಗೋವೆಗಳ ಸ್ಪರ್ಧೆಗಳಿಗೆ ಹೋಗಿಬರುವ ದೋಣಿಗಳು ಅದನ್ನು ತಮ್ಮ ಕೀಲುಗಳಲ್ಲಿ ಕಟ್ಟಿಕೊಂಡು ಘಟ್ಟ ಹತ್ತುತ್ತವೆ. ಹೊರಮೈಯನ್ನು ತೊಳೆದು, ಒಳಕೀಲನ್ನು ಬಿಚ್ಚದೆ ಮೂಲೆಗೆ ಒರಗಿಸಿದರೆ ಉಪ್ಪು ಅಲ್ಲಿಯೇ ನಿಲ್ಲುತ್ತದೆ. ಅಡುಗೆಯ ಉಪ್ಪಿನ ಸ್ವಭಾವವೆಂದರೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ಮೀರಿದೊಡನೆ ಅದು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಸುಮಾರು ಶೇಕಡಾ 33 ಇದ್ದರೂ ಸಾಕು. ಮಳೆಗಾಲದ ಬೆಂಗಳೂರಿನ ಮುಂಜಾವುಗಳಲ್ಲಿ ಆರ್ದ್ರತೆ ಶೇಕಡಾ 80ನ್ನು ದಾಟುವುದು ಸಾಮಾನ್ಯವಾದುದರಿಂದ, ಒಣಗಿದೆಯೆಂದು ನಾವು ಭಾವಿಸಿದ ಕೀಲು ಪ್ರತಿ ರಾತ್ರಿಯೂ ಮತ್ತೆ ಉಪ್ಪುನೀರಿನಲ್ಲಿ ನೆನೆಯುತ್ತಿರುತ್ತದೆ. ಕಡಲಿನಿಂದ ದೂರವಿದ್ದೇವೆಂಬ ಧೈರ್ಯ ಇಲ್ಲಿ ನಿಷ್ಪ್ರಯೋಜಕ.

ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಆಕ್ಸೈಡಿನ ಒಂದು ಪೊರೆಯನ್ನು ಬೆಳೆಸಿಕೊಳ್ಳುವ ಲೋಹ. ಕೆಲವೇ ನ್ಯಾನೋಮೀಟರು ದಪ್ಪದ ಆ ಪೊರೆ ಅದಕ್ಕೆ ಸಹಜ ಕವಚ. ಕೂವೆಮರಗಳಿಗೆ ಆನೋಡೀಕರಣವೆಂಬ ವಿದ್ಯುತ್ಕ್ರಿಯೆಯಿಂದ ಆ ಕವಚವನ್ನು ಇನ್ನೂ ದಪ್ಪಗೊಳಿಸಿರುತ್ತಾರೆ. ಮರಳಿನ ಕಣ ಕವಚವನ್ನು ಗೀರಿದ ಎಡೆಯಲ್ಲಿ ಕಡಲುಪ್ಪಿನ ಕ್ಲೋರೈಡು ಒಳನುಗ್ಗುತ್ತದೆ, ಲೋಹ ಹೈಡ್ರಾಕ್ಸೈಡಾಗಿ ಬಿಳಿಯ ಹಿಟ್ಟಿನಂತೆ ಉಬ್ಬುತ್ತದೆ. ಈ ಹಿಟ್ಟು ತಾನು ಹುಟ್ಟಿದ ಲೋಹಕ್ಕಿಂತ ಮೂರು ಪಟ್ಟಿಗೂ ಹೆಚ್ಚಿನ ಸ್ಥಳವನ್ನು ಆಕ್ರಮಿಸುತ್ತದೆಯೆಂಬುದೇ ಸಮಸ್ತ ತೊಂದರೆಯ ಮೂಲ: ಕೂದಲೆಳೆಯ ತೆರಪಿನಲ್ಲಿ ಅದು ಬೆಳೆದಾಗ ಹೊರಗಿನ ಕೊಳವೆಗೆ ಹಿಗ್ಗಲು ದಾರಿಯಿಲ್ಲ, ಒಳಗಿನದಕ್ಕೆ ಕುಗ್ಗಲು ದಾರಿಯಿಲ್ಲ, ಎರಡೂ ಬೆಣೆ ಹೊಡೆಸಿಕೊಂಡು ನಿಲ್ಲುತ್ತವೆ.

ರಿವೆಟ್ಟುಗಳು ತುಕ್ಕು ಹಿಡಿಯದ ಉಕ್ಕಿನವಾಗಿದ್ದರೆ ಅನಾಹುತ ಇಮ್ಮಡಿ. ಎರಡು ವಿಜಾತೀಯ ಲೋಹಗಳು ಉಪ್ಪುನೀರಿನಲ್ಲಿ ಪರಸ್ಪರ ತಾಗಿದರೆ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಟ್ಟು, ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದುದು, ಇಲ್ಲಿ ಅಲ್ಯೂಮಿನಿಯಂ, ತನ್ನನ್ನೇ ತೆತ್ತು ಇನ್ನೊಂದನ್ನು ಕಾಯುತ್ತದೆ. ನಾವಿಕರಿಗೆ ಈ ತತ್ತ್ವ ತಿಳಿದದ್ದು ದುಬಾರಿಯ ಪಾಠದಿಂದ. 1761ರಲ್ಲಿ ಬ್ರಿಟಿಷ್ ನೌಕಾದಳದವರು ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ಹುಳು ಕೊರೆಯದಂತೆ ತಾಮ್ರದ ತಗಡನ್ನು ಹೊದಿಸಿ ಕಬ್ಬಿಣದ ಮೊಳೆಗಳಿಂದ ಬಡಿದರು. ಕೆಲವು ಕಾಲದ ಮೇಲೆ ಪರೀಕ್ಷಿಸಿ ನೋಡುವಲ್ಲಿ ತಾಮ್ರವೆಲ್ಲ ಭದ್ರವಾಗಿದ್ದು ಮೊಳೆಗಳು ಸವೆದುಹೋಗಿದ್ದವು. ತಗಡಿನ ಹೊದಿಕೆಯಾಗಿ ಬಂದಿದ್ದ ಕಂದು ಕಾಗದದ ತುಣುಕು ಯದೃಚ್ಛೆಯಿಂದ ನಡುವೆ ಉಳಿದುಕೊಂಡಿದ್ದ ಜಾಗಗಳಲ್ಲಿ ಮಾತ್ರ ಕಬ್ಬಿಣ ಗಟ್ಟಿಯಾಗಿತ್ತು. ವೋಲ್ಟನ ವಿದ್ಯುತ್ಕೋಶ 1800ರಲ್ಲಿ ಬಂದ ತರುವಾಯವೇ ಇದರ ಕಾರಣ ಸ್ಪಷ್ಟವಾದುದು. 1824ರಲ್ಲಿ ಹಂಫ್ರಿ ಡೇವಿ ಆ ಕಾರಣವನ್ನೇ ಹಿಡಿದು, ತಾನು ಕರಗಿ ಮತ್ತೊಂದು ಲೋಹವನ್ನು ಉಳಿಸುವ ಸತುವಿನ ತುಂಡುಗಳನ್ನು ಹಡಗಿನ ತಳಕ್ಕೆ ಹಚ್ಚುವ ಉಪಾಯವನ್ನು ಮುಂದಿಟ್ಟನು. ನಡುವೆ ಒಂದು ಕಾಗದವಿದ್ದರೂ ಸಾಕು ಎಂಬ ಆ ಹಳೆಯ ಪಾಠ ಇಂದಿಗೂ ಕೂವೆಮರದ ಕೀಲಿಗೆ ಸಲ್ಲತಕ್ಕದ್ದು.

ಮೊದಲು ನೆನೆಯಲಿ

ಬೆಂಗಳೂರಿನ ಪೂರ್ವಭಾಗದಲ್ಲಿ ಅಲ್ಯೂಮಿನಿಯಮ್ಮಿನ ಮರ್ಮ ಬಲ್ಲವರಿಗೆ ಬರವಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ತಗಡು ಬಡಿದು, ರಿವೆಟ್ಟು ಹೊಡೆದು ಕೈ ಪಳಗಿದ ಫಿಟ್ಟರುಗಳ ತಲೆಮಾರುಗಳೇ ಇಲ್ಲಿ ಆಗಿಹೋಗಿವೆ. ಇಂದಿರಾನಗರ, ಕೃಷ್ಣರಾಜಪುರ, ಬಾಣಸವಾಡಿಗಳ ಬಡಾವಣೆಗಳಲ್ಲಿ ಅಂಥ ನಿವೃತ್ತರು ಬೀದಿಗೊಬ್ಬರಾದರೂ ಸಿಗುತ್ತಾರೆ. ಕಲ್ಯಾಣ ನಗರದ ಮನೆಯೊಂದರ ಕಾರು ನಿಲ್ಲಿಸುವ ಜಾಗದಲ್ಲಿ, ಚೆನ್ನೈಯಿಂದ ಮರಳಿ ತಿಂಗಳುಗಟ್ಟಲೆ ಗೋಡೆಗೊರಗಿದ್ದ ಲೇಸರಿನ ಕಂಬವನ್ನು ಹಿಡಿದು ತರುಣಿಯೊಬ್ಬಳೂ ಅವಳ ತಮ್ಮನೂ ಬೆವರು ಸುರಿಸುತ್ತಿದ್ದುದನ್ನು ಕಂಡು ಪಕ್ಕದ ಮನೆಯ ಅಂಥ ಹಿರಿಯರೊಬ್ಬರು ಗೇಟು ತೆರೆದು ಬಂದರು.

“ಅಂಕಲ್, ಎಷ್ಟು ಎಳೆದ್ರೂ ಬರ್ತಾನೇ ಇಲ್ಲ,” ಎಂದಳು ಅವಳು.

“ಎಳೆದಿದ್ದಕ್ಕೇ ಬರ್ತಾ ಇಲ್ಲ ಕಣಮ್ಮಾ. ಮೊದಲು ನೆನೆಸಿಡಿ. ರಾತ್ರಿಯೆಲ್ಲ ಕುಡೀಲಿ, ಬೆಳಿಗ್ಗೆ ನೋಡೋಣ.”

ಕೀಲಿನ ಸಂದಿಯನ್ನು ಅವರು ಉಗುರಿನಿಂದ ಕೆರೆದು, ಬಂದ ಬಿಳಿಯ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಕಂಬವನ್ನು ಅಡ್ಡಡ್ಡಲಾಗಿ ಮಲಗಿಸಿದ್ದ ಇವರಿಗೆ ಅದನ್ನು ನೆಟ್ಟಗೆ, ಕೀಲಿನ ಬಾಯಿ ಮೇಲಾಗುವಂತೆ ಗೋಡೆಗೆ ಕಟ್ಟಿ ನಿಲ್ಲಿಸಲು ಹೇಳಿದರು. ಸಂದಿಯ ಸುತ್ತ ಬಟ್ಟೆಯ ಪಟ್ಟಿಯನ್ನು ಸಿಂಬಿಯಾಗಿ ಸುತ್ತಿಸಿ, ಬಿಸಿನೀರನ್ನು ಸಣ್ಣ ಧಾರೆಯಾಗಿ ಹೊಯ್ಯಿಸಿದರು. ಇದರ ಔಚಿತ್ಯ ಸರಳವಾದುದು. ಉಪ್ಪು ನೀರಿನಲ್ಲಿ ಕರಗತಕ್ಕ ವಸ್ತು. ಹೂಳು ನೀರಿನಲ್ಲಿ ಸಡಿಲಗೊಳ್ಳತಕ್ಕದ್ದು. ಕಚ್ಚಿಕೊಳ್ಳುವಿಕೆಯ ಎಷ್ಟೋ ಪ್ರಕರಣಗಳು ಸಿಹಿನೀರಿನ ಈ ದೀರ್ಘಸ್ನಾನದಿಂದಲೇ ಪರಿಹಾರವಾಗುವಾಗ ಅದನ್ನು ಬಿಟ್ಟು ಸುತ್ತಿಗೆಗೆ ಕೈಹಾಕುವುದು ಅವಿವೇಕ.

ನೀರಿಗೆ ಬಗ್ಗದ ಬಿಳಿಯ ಹಿಟ್ಟಿಗೆ ಬಿಳಿ ವಿನೆಗರು ಮದ್ದು. ಅದರಲ್ಲಿರುವ ಮೃದುವಾದ ಅಸಿಟಿಕ್ ಆಮ್ಲ ಹೈಡ್ರಾಕ್ಸೈಡನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಕೆಲಸ ಮುಗಿದ ಮೇಲೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು. ಅದಾದ ಮೇಲೆ ಸಂದಿಗಳಲ್ಲಿ ಹರಿಯುವ ತೆಳು ಎಣ್ಣೆ. ಎಲ್ಲರ ಕೈಗೂ ಸಿಗುವ ಡಬ್ಲ್ಯೂಡಿ-40 ಎಂಬ ಡಬ್ಬಿ 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಹುಟ್ಟಿದ್ದು ಲೋಹದ ಮೈಯಿಂದ ನೀರನ್ನು ಓಡಿಸುವುದಕ್ಕಾಗಿ. ಕಚ್ಚಿದ ಕೀಲಿಗೆ ಅದು ಸಹಾಯಕವಾದರೂ, ಸಂದಿಯೊಳಕ್ಕೆ ನುಗ್ಗುವುದಕ್ಕೆಂದೇ ತಯಾರಾದ ಎಣ್ಣೆಗಳು ಅದಕ್ಕಿಂತ ಮೇಲು. ಯಾವ ಎಣ್ಣೆಯಾದರೂ ಅದಕ್ಕೆ ಬೇಕಾದುದು ಕಾಲಾವಕಾಶ. ಶಿವಾಜಿನಗರದ ಗ್ಯಾರೇಜುಗಳ ಮೇಸ್ತ್ರಿಗಳು ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಬೇರೆ ಗಾಡಿಯ ಕೆಲಸಕ್ಕೆ ಹೋಗುವುದು ಸೋಮಾರಿತನದಿಂದಲ್ಲ.

ಎಳೆಯುವುದಲ್ಲ, ತಿರುಗಿಸುವುದು

ಮರುದಿನದ ಕೆಲಸ ತಿರುಗಿಸುವುದು. ಎಳೆತಕ್ಕಿಂತ ತಿರುಚುವಿಕೆ ಏಕೆ ಶ್ರೇಷ್ಠವೆಂಬುದಕ್ಕೆ ಎರಡು ಕಾರಣಗಳುಂಟು. ನೇರವಾಗಿ ಎಳೆಯುವಾಗ ನಮಗೆ ದೊರೆಯುವುದು ತೋಳಿನ ಬಲವಷ್ಟೇ. ತಿರುಗಿಸುವಾಗಲಾದರೋ ಸನ್ನೆಯ ಸಹಾಯ ಪಡೆಯಬಹುದು. ಬರಿಗೈಯಿಂದ ಹಿಡಿದ ಕಂಬದಲ್ಲಿ ನಮ್ಮ ಬಲ ಕೆಲಸ ಮಾಡುವುದು ಕೇಂದ್ರದಿಂದ ಮೂರು ಸೆಂಟಿಮೀಟರು ದೂರದಲ್ಲಿ. ಕಂಬಕ್ಕೆ ಹಗ್ಗವನ್ನು ಒತ್ತೊತ್ತಾಗಿ ಐದಾರು ಸುತ್ತು ಸುತ್ತಿ, ಅದರ ಕುಣಿಕೆಯಲ್ಲಿ ಮರದ ದಂಡವೊಂದನ್ನು ತೂರಿಸಿ, 60 ಸೆಂಟಿಮೀಟರು ದೂರದಲ್ಲಿ ಹಿಡಿದರೆ ಅದೇ ತೋಳು ಇಪ್ಪತ್ತು ಪಟ್ಟು ಪರಿಣಾಮಕಾರಿಯಾಗುತ್ತದೆ. ಮೇಲುತುಂಡಿಗೊಂದು, ಕೆಳತುಂಡಿಗೊಂದು ಹೀಗೆ ದಂಡ ಕಟ್ಟಿ, ಒಂದನ್ನು ನೆಲಕ್ಕೆ ಒತ್ತಿಹಿಡಿದು ಇನ್ನೊಂದನ್ನು ತಿರುಗಿಸಬೇಕು. ಪೈಪು ಹಿಡಿಯುವ ಹಲ್ಲಿನ ಸ್ಪ್ಯಾನರನ್ನು ಮಾತ್ರ ಹತ್ತಿರ ತರಬಾರದು; ಅದರ ಹಲ್ಲು ಕಚ್ಚಿದ ಕಡೆಯೆಲ್ಲ ಆನೋಡೀಕರಣದ ಕವಚ ಹರಿದು, ಮುಂದಿನ ವರ್ಷದ ಸವೆತಕ್ಕೆ ಬಾಗಿಲು ತೆರೆದಂತಾಗುತ್ತದೆ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಘರ್ಷಣೆ ಯಾವಾಗಲೂ ಚಲನೆಯ ದಿಕ್ಕಿಗೆ ವಿರುದ್ಧವಾಗಿ ವರ್ತಿಸತಕ್ಕದ್ದು. ಕಂಬ ಸುತ್ತುತ್ತಿರುವಾಗ ಘರ್ಷಣೆ ಆ ಸುತ್ತುವಿಕೆಯನ್ನು ತಡೆಯುವುದರಲ್ಲಿಯೇ ವ್ಯಯವಾಗುತ್ತದೆ. ಉದ್ದಕ್ಕೆ ಜಾರುವುದನ್ನು ತಡೆಯಲು ಅದರಲ್ಲಿ ಉಳಿಯುವ ಶಕ್ತಿ ಬಹಳ ಕಡಿಮೆ. ಆದಕಾರಣ ಒಮ್ಮೆ ಕೀಲು ಒಂದಿಷ್ಟು ತಿರುಗಿತೆಂದರೆ, ಇಬ್ಬರು ಎಳೆದರೂ ಬಾರದಿದ್ದ ಕಂಬ, ತಿರುಗಿಸುತ್ತಲೇ ಮೆಲ್ಲನೆ ಎಳೆಯುವ ಒಬ್ಬನ ಕೈಗೆ ಬರುತ್ತದೆ. ಇದರಲ್ಲಿ ಫಿಟ್ಟರುಗಳು ಪಾಲಿಸುವ ಇನ್ನೊಂದು ಕ್ರಮವುಂಟು: ಮೊದಲು ಬಿಚ್ಚುವ ದಿಕ್ಕಿಗೆ ಬಲ ಹಾಕದೆ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕೂದಲಿನಷ್ಟು ಆಡಿಸಿ, ಆಡಿಸಿದಾಗಲೆಲ್ಲ ಎಣ್ಣೆಯ ಒಂದು ತೊಟ್ಟು ಬಿಡುವುದು. ಜೊತೆಗೆ ಮರದ ಕೊಡತಿಯಿಂದಲೋ ರಬ್ಬರಿನ ಸುತ್ತಿಗೆಯಿಂದಲೋ ಕೀಲಿನ ಸುತ್ತ ಹಗುರವಾಗಿ ತಟ್ಟುತ್ತಿದ್ದರೆ ಆ ಕಂಪನದಿಂದ ಗಟ್ಟಿಗಟ್ಟಿದ ಹಿಟ್ಟು ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ.

ಬುಡದ ಕುಳಿಯಲ್ಲಿ ಸಿಕ್ಕಿಕೊಂಡ ಕಂಬದ ಸಮಸ್ಯೆ ಕೆಲವೊಮ್ಮೆ ಬೇರೆ ಬಗೆಯದು. ಕುಳಿಯಲ್ಲಿ ನೀರು ನಿಂತು ಅಂಚು ಮುಚ್ಚಿಕೊಂಡಿದ್ದರೆ, ಕಂಬವನ್ನು ಎತ್ತಹೋದಾಗ ಕೆಳಗೆ ಗಾಳಿ ನುಗ್ಗಲು ದಾರಿಯಿಲ್ಲದೆ ನಿರ್ವಾತ ಏರ್ಪಡುತ್ತದೆ. ಸುಮಾರು 63 ಮಿಲಿಮೀಟರು ವ್ಯಾಸದ ಕಂಬಕ್ಕೆ 31 ಚದರ ಸೆಂಟಿಮೀಟರಿನಷ್ಟು ತಳವಿರುವುದರಿಂದ, ಬೆಂಗಳೂರಿನ ಎತ್ತರದಲ್ಲಿ ವಾಯುಮಂಡಲ ಅದರ ಮೇಲೆ ಹೆಚ್ಚೆಂದರೆ 29 ಕಿಲೋಗ್ರಾಂ ತೂಕದಷ್ಟು ಭಾರ ಹಾಕಬಲ್ಲದು. ಎತ್ತಿದಾಗ ತುಸು ಬಂದು, ಬಿಟ್ಟಾಗ ಮತ್ತೆ ಒಳಕ್ಕೆ ಎಳೆದುಕೊಂಡರೆ ಅದು ಈ ನಿರ್ವಾತದ ಲಕ್ಷಣ. ಇಲ್ಲಿಯೂ ಉಪಾಯ ತಿರುಗಿಸುತ್ತ ನಿಧಾನವಾಗಿ ಎತ್ತುವುದೇ. ಗಾಳಿ ಒಳಸೇರಿದೊಡನೆ ಕಂಬ ಹಗುರವಾಗುತ್ತದೆ. ಅವಸರದಲ್ಲಿ ಕಂಬವನ್ನು ಆಚೀಚೆ ಅಲುಗಾಡಿಸಿದವರು ಕುಳಿಯ ಫೈಬರ್‌ಗ್ಲಾಸನ್ನು ಬಿರಿಯಿಸುತ್ತಾರೆ. ಕುಳಿಯ ತಳ ಬಿರಿದರೆ ದೋಣಿಯ ಹೊಟ್ಟೆಗೆ ನೀರು ಹೋಗುತ್ತದೆ. ಕುಳಿಗೆ ನೀರು ತುಂಬಿಸಿ ಮಟ್ಟ ಇಳಿಯುತ್ತದೆಯೇ ಎಂದು ನೋಡುವುದೇ ಅದಕ್ಕೆ ಪರೀಕ್ಷೆ.

ಕಾಗದದಷ್ಟು ಅಂತರ

ಇಷ್ಟಕ್ಕೂ ಬಗ್ಗದ ಕೀಲಿಗೆ ಶಾಖವನ್ನು ಪ್ರಯೋಗಿಸಬೇಕಾಗುತ್ತದೆ. ಒಂದು ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಿಕೊಂಡಾಗ ನಮ್ಮ ಮನೆಗಳ ಹೆಂಗಸರು ಹೊರಗಿನದನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಒಳಗಿನದಕ್ಕೆ ತಣ್ಣೀರು ತುಂಬುವ ಉಪಾಯವೇ ಇದು. ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಮೀಟರಿಗೆ 23 ಮೈಕ್ರೋಮೀಟರಿನಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿದರೆ, 60 ಮಿಲಿಮೀಟರು ವ್ಯಾಸದ ಕೊಳವೆಯನ್ನು 70 ಡಿಗ್ರಿಯಷ್ಟು ಕಾಯಿಸಿದಾಗ ಅದರ ಬಾಯಿ ಹತ್ತಿರ ಹತ್ತಿರ 0.1 ಮಿಲಿಮೀಟರು, ಎಂದರೆ ಒಂದು ಕಾಗದದ ದಪ್ಪದಷ್ಟು ಅಗಲವಾಗುತ್ತದೆ. ಅಲ್ಪವೆಂದು ತೋರಬಹುದು, ಕೂದಲೆಳೆಯ ತೆರಪಿನ ಪ್ರಪಂಚದಲ್ಲಿ ಅದು ಸಾಮಾನ್ಯ ಲಾಭವಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಒಳಗಿರುವ ಪ್ಲಾಸ್ಟಿಕ್ ಪಟ್ಟಿ ಅಲ್ಯೂಮಿನಿಯಂಗಿಂತ ಹಲವು ಪಟ್ಟು ಹೆಚ್ಚಾಗಿ ಹಿಗ್ಗುವ ವಸ್ತುವಾದುದರಿಂದ, ಇಡೀ ಕೀಲನ್ನು ಬಹಳ ಹೊತ್ತು ಕಾಯಿಸುತ್ತ ಕುಳಿತರೆ ಪಟ್ಟಿಯೂ ಉಬ್ಬಿ ಬಿಗಿತ ಮೊದಲಿಗಿಂತ ಹೆಚ್ಚುತ್ತದೆ. ಆದಕಾರಣ ಕುದಿಯುವ ನೀರನ್ನು ಹೊರಕೊಳವೆಯ ಮೇಲೆ ಮಾತ್ರ, ಸುತ್ತಲೂ, ಬೇಗಬೇಗನೆ ಸುರಿದು, ಶಾಖ ಒಳಕ್ಕೆ ಇಳಿಯುವ ಮುನ್ನವೇ ತಿರುಗಿಸಿ ಎಳೆಯಬೇಕು. ಬಿಸಿನೀರು ಹೊಯ್ಯುವುದಕ್ಕೆ ಮುಂಚೆ ಮೇಲುತುಂಡಿಗೆ ಮಂಜುಗಡ್ಡೆಯ ಬಟ್ಟೆಯನ್ನು ಸುತ್ತಿ ತಣಿಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಅಂದು ಕಲ್ಯಾಣ ನಗರದಲ್ಲಿ ಕೀಲು ಸಡಿಲವಾದದ್ದು ಹೀಗೆಯೇ: ಕುದಿನೀರಿನ ಕೆಟಲನ್ನು ತಮ್ಮ ಹಿಡಿದು, ದಂಡದ ಒಂದು ತುದಿಯನ್ನು ಅಕ್ಕ ಹಿಡಿದು, ಹಿರಿಯರು ಕೊಡತಿಯಿಂದ ತಟ್ಟುತ್ತಿರುವಲ್ಲಿ, ಒಣ ಕಟ್ಟಿಗೆ ಸೀಳುವಂಥ ಸದ್ದೊಂದು ಬಂದು ದಂಡ ಒಂದು ಅಂಗುಲ ಸರಿಯಿತು. “ಈಗ ಎಳೀಬೇಡ, ಇನ್ನೂ ಎಣ್ಣೆ ಬಿಡು,” ಎಂದರು ಅವರು.

ಕುದಿನೀರಿಗೆ ಬದಲಾಗಿ ವೆಲ್ಡಿಂಗಿನ ಜ್ವಾಲೆಯನ್ನು ಹಿಡಿಯುವ ದುಡುಕಿಗೆ ಕ್ಷಮೆಯಿಲ್ಲ. ಇಂಥ ಕಂಬಗಳ ಮಿಶ್ರಲೋಹಕ್ಕೆ ಬಲ ಬಂದಿರುವುದು ಕಾರ್ಖಾನೆಯಲ್ಲಿ ಸುಮಾರು 175 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದಗೊಳಿಸಿದುದರಿಂದ. 200 ಡಿಗ್ರಿಯನ್ನು ಮೀರಿಸಿ ಕಾಯಿಸಿದರೆ ಆ ಹದ ಕೆಡುತ್ತದೆ. ಕಬ್ಬಿಣವಾದರೋ ಕಾದಂತೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ 660 ಡಿಗ್ರಿಯಲ್ಲಿ ಕರಗಿಬಿಡುತ್ತದೆ. ಹಾಗೆ ಮೆತ್ತಗಾದ ಕಂಬ ನೋಡಲು ಮೊದಲಿನಂತೆಯೇ ಇದ್ದು, ಮುಂದೊಂದು ದಿನ ಜೋರುಗಾಳಿಯಲ್ಲಿ ಸವಾರನ ತಲೆಯ ಮೇಲೆ ಮಡಿಚಿಕೊಳ್ಳುತ್ತದೆ.

ಹೇಳಲೇಬೇಕಾದ ನಿಷೇಧಗಳು ಇನ್ನೂ ಕೆಲವಿವೆ. ಕಟ್ಟಿದ ಚರಂಡಿಗೆ ಹಾಕುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನೇ ತಿಂದುಹಾಕುವುದರಿಂದ ಅದನ್ನು ಹತ್ತಿರಕ್ಕೂ ತರಬಾರದು. ಒಂದು ತುದಿಯನ್ನು ಮರಕ್ಕೂ ಇನ್ನೊಂದನ್ನು ಕಾರಿಗೂ ಕಟ್ಟಿ ಎಳೆಯಬಾರದು. ಕೀಲು ಥಟ್ಟನೆ ಬಿಟ್ಟಾಗ ಕೊಳವೆ ಎತ್ತ ಹಾರೀತೆಂದು ಯಾರೂ ಹೇಳಲಾರರು. ನಮ್ಮ ಬೀದಿಗಳಲ್ಲಿ ಮುಖ್ಯವಾಗಿ ನೆನಪಿಡತಕ್ಕದ್ದು ತಲೆಯ ಮೇಲಿನ ವಿದ್ಯುತ್ ತಂತಿ: ಆರು ಮೀಟರಿನ ಅಲ್ಯೂಮಿನಿಯಂ ಕಂಬವನ್ನು ನೆಟ್ಟಗೆ ನಿಲ್ಲಿಸುವವನು ಮೊದಲು ಮೇಲೆ ನೋಡಬೇಕು, ಆಮೇಲೆ ಕಂಬ ಎತ್ತಬೇಕು. ಯಾವುದಕ್ಕೂ ಬಗ್ಗದಿದ್ದರೆ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಪಟ್ಟಿಯನ್ನು ಬಲಿಗೊಟ್ಟು ಕೊಳವೆಗಳನ್ನು ಉಳಿಸಿಕೊಳ್ಳುವುದು ಕೊನೆಯ ಮಾರ್ಗ. ಪಟ್ಟಿ ಅಗ್ಗ, ಕೊಳವೆ ದುಬಾರಿ.

ದಡದ ಮೇಲಿನ ಕರ್ತವ್ಯ

ಈ ಚಿಕಿತ್ಸೆಗಳೆಲ್ಲವನ್ನೂ ಅನಾವಶ್ಯಕಗೊಳಿಸುವ ಪಥ್ಯವೊಂದಿದೆ. ಅದು ದಿನದ ಆಟ ಮುಗಿದ ಮೇಲೆ ಹತ್ತು ನಿಮಿಷದ ಕೆಲಸ. ಕಂಬವನ್ನು ಬಿಚ್ಚಿ, ಎರಡು ತುಂಡುಗಳ ತುದಿಗಳಿಗೂ ಕೆಳತುಂಡಿನ ಬಾಯಿಯೊಳಕ್ಕೂ ಸಿಹಿನೀರು ಹೊಯ್ದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಬೇರೆಬೇರೆಯಾಗಿಯೇ ಇಡಬೇಕು. ಮತ್ತೆ ಜೋಡಿಸುವಾಗ ಪಟ್ಟಿಗೆ ತೆಳುವಾಗಿ ಮೇಣ ತಿಕ್ಕಿ, ಕೀಲಿನ ಹೊರಸಂದಿಗೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿದರೆ ಮರಳು ಒಳಸೇರುವುದಿಲ್ಲ. ಉಕ್ಕಿನ ರಿವೆಟ್ಟಿದ್ದಲ್ಲಿ ಲೋಹಕ್ಕೆ ಲೋಹ ತಾಗದಂತೆ ನಡುವೆ ತಡೆಯೊಂದು ಬೇಕು. ವಿಮಾನದ ಕಾರ್ಖಾನೆಗಳಲ್ಲಿ ಬಹುಕಾಲ ಈ ಕೆಲಸಕ್ಕೆ ಹಚ್ಚುತ್ತಿದ್ದುದು ಹಳದಿಹಸಿರಿನ ಜಿಂಕ್ ಕ್ರೋಮೇಟ್ ಬಣ್ಣ. ಅದು ವಿಷಯುಕ್ತವೆಂದು ತಿಳಿದ ಮೇಲೆ ಬಳಕೆ ಕಡಿಮೆಯಾಗಿ ಬೇರೆ ಲೇಪಗಳು ಬಂದಿವೆ.

ಹೀಗೆ ನೋಡಿದರೆ ಕೀಲೆಂಬುದು ಕೂಡಿಸುವುದಕ್ಕಾಗಿ ಮಾತ್ರ ಮಾಡಿದ ವಸ್ತುವಲ್ಲ, ಬಿಚ್ಚುವುದಕ್ಕಾಗಿಯೂ ಮಾಡಿದುದು. ಬಿಚ್ಚದೆ ಬಿಟ್ಟ ಕೀಲು ಕ್ರಮೇಣ ಕೀಲಾಗಿಯೇ ಉಳಿಯುವುದಿಲ್ಲ. ನೀರಿನ ಮೇಲೆ ಸವಾರನು ಎಷ್ಟು ನಿಪುಣನಾದರೂ ಈ ನಿಯಮಕ್ಕೆ ಅವನ ನೈಪುಣ್ಯದಿಂದ ವಿನಾಯಿತಿ ದೊರೆಯದು. ಹುಡುಗರಿಗೆ ಹಾಯಿಯ ವಿದ್ಯೆ ಕಲಿಸುವವರು ಗಾಳಿಯ ದಿಕ್ಕನ್ನೂ ಹಗ್ಗದ ಗಂಟುಗಳನ್ನೂ ಹೇಳಿಕೊಡುವ ಮೊದಲ ವಾರದಲ್ಲಿಯೇ ಬಕೆಟ್ಟನ್ನೂ ಒರೆಸುವ ಬಟ್ಟೆಯನ್ನೂ ಅವರ ಕೈಗೆ ಕೊಟ್ಟು, ಕಂಬ ಬಿಚ್ಚಿ ತೊಳೆಯುವವರೆಗೆ ಆ ದಿನದ ಆಟ ಮುಗಿದಂತೆ ಲೆಕ್ಕವಿಲ್ಲವೆಂದು ಕಟ್ಟುಮಾಡಿದರೆ, ದಂಡ, ಕೊಡತಿ, ಕುದಿನೀರುಗಳ ಪ್ರಸಂಗವೇ ಬಹುಮಟ್ಟಿಗೆ ಉದ್ಭವಿಸದು. ಕಡಲಿಗೆ ಹೋಗಿ ಬಂದ ದೋಣಿಯಾದರಂತೂ ಆ ಕೆಲಸ ಊರಿಗೆ ಮರಳಿದ ಮೇಲೆ ಆಗಲಿ ಎಂದು ಮುಂದೂಡದೆ, ಅಲ್ಲಿಯ ದಡದಲ್ಲಿಯೇ, ಕಂಬವನ್ನು ಕಾರಿನ ಮೇಲೆ ಕಟ್ಟುವುದಕ್ಕೆ ಮುಂಚೆಯೇ ಆಗತಕ್ಕದ್ದು.